ಗುಂಡ್ಲುಪೇಟೆಯ ಚೆಂಡು ಹೂ: ಮನೆಯ ಕುಂಡಕ್ಕೆ ಯಾವ ಬೀಜ?

ಚಾಮರಾಜನಗರ: ಮೈಸೂರಿನಿಂದ ಊಟಿಗೆ ಹೊರಟವರು ಜುಲೈ-ಆಗಸ್ಟ್ ತಿಂಗಳಲ್ಲಿ ಗುಂಡ್ಲುಪೇಟೆ ಸಮೀಪಿಸುತ್ತಿದ್ದಂತೆ ವಾಹನದ ವೇಗ ತಗ್ಗಿಸುತ್ತಾರೆ. ಹೆದ್ದಾರಿಯ ಇಕ್ಕೆಲಗಳಲ್ಲಿ ಸೂರ್ಯಕಾಂತಿಯ ಹಳದಿ, ಚೆಂಡು ಹೂವಿನ ಕೇಸರಿ ಕಣ್ಸೆಳೆಯುತ್ತವೆ. ಕೇರಳದ ಪ್ರವಾಸಿಗರೂ ಸೇರಿದಂತೆ ಅನೇಕರು ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಗಿಡಗಳು ತುಳಿತಕ್ಕೆ ಸಿಲುಕುವುದರಿಂದ ಕೆಲವು ರೈತರು ಪ್ರವೇಶಕ್ಕೆ ಹಣ ಪಡೆಯುವುದೂ ಉಂಟು. ನಾಲ್ಕು ಹೂ ತಂದು, ಒಣಗಿಸಿ, ಮನೆಯ ಕುಂಡದಲ್ಲಿ ಬಿತ್ತಿ ನಿರಾಶರಾಗುವವರೂ ಇದ್ದಾರೆ. ಅದಕ್ಕೆ ಕಾರಣ ಬೀಜದಲ್ಲಿಯೇ ಇದೆ.

ಹೊಲದ ಹೂವಿನ ಗುರಿಯೇ ಬೇರೆ

ಈ ಭಾಗದ ಚೆಂಡು ಹೂವೆಲ್ಲ ದೇವರ ಮುಡಿಗೇರುವುದಿಲ್ಲ. ಓಣಂ ಸಮಯದಲ್ಲಿ ಕೇರಳದ ಪೂಕಳಂಗೆ ಹೋಗುವ ಹೂವಿನ ಜೊತೆಗೆ, ಕಾರ್ಖಾನೆಗಾಗಿ ಬೆಳೆಯುವ ಹೂವೂ ಇದೆ. ಕಂಪನಿಗಳು ಬೀಜ ಒದಗಿಸಿ, ಮೊದಲೇ ಗೊತ್ತುಪಡಿಸಿದ ದರಕ್ಕೆ ಹೂ ಕೊಳ್ಳುತ್ತವೆ. ಎಸಳಿನಿಂದ ತೆಗೆಯುವ ಲೂಟೀನ್ ಎಂಬ ಬಣ್ಣದ ಅಂಶವು ಕೋಳಿ ಆಹಾರಕ್ಕೂ ಕಣ್ಣಿನ ಆರೋಗ್ಯದ ಮಾತ್ರೆಗಳಿಗೂ ಬಳಕೆಯಾಗುತ್ತದೆ. ಇದು ಮೊಟ್ಟೆಯ ಹಳದಿ ಗಾಢವಾಗಲು ನೆರವಾಗುತ್ತದೆ.

ಎರಡೂ ಮಾರುಕಟ್ಟೆಗೆ ಬೇಕಾದುದು ಎಸಳು, ಬೀಜವಲ್ಲ. ಆದ್ದರಿಂದ ಬೀಜ ಬಲಿಯುವ ಮೊದಲೇ ಹೂ ಕೀಳಲಾಗುತ್ತದೆ. ಹಬ್ಬದ ಮಾಲೆಯಿಂದ ತೆಗೆದ ಬೀಜ ಸರಿಯಾಗಿ ಮೊಳೆಯದಿರಲು ಇದೇ ಮುಖ್ಯ ಕಾರಣ. ಮೊಳೆತರೂ, ತಾಯಿಗಿಡ ಹೈಬ್ರಿಡ್ ಆಗಿದ್ದರೆ ಮುಂದಿನ ಪೀಳಿಗೆಯಲ್ಲಿ ಬಣ್ಣ, ಗಾತ್ರ, ಎತ್ತರ ಒಂದೇ ತೆರನಾಗಿರುವುದಿಲ್ಲ.

ಬಿತ್ತನೆ ಹೇಗೆ?

ಪ್ರತಿವರ್ಷ ಸ್ವಂತ ಬೀಜವೇ ಬೇಕೆನ್ನುವವರು ಹೈಬ್ರಿಡ್ ಅಲ್ಲದ ತಳಿಯನ್ನು ಆರಿಸಿಕೊಳ್ಳಬೇಕು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ನಾರಂಗಿ (ಕೇಸರಿ) ಮತ್ತು ಪೂಸಾ ಬಸಂತಿ (ಹಳದಿ) ಅಂತಹವು.

ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ಹಾಗೂ ಎರೆಹುಳು ಗೊಬ್ಬರ ಬೆರೆಸಿ ತುಂಬಿ, ಬೀಜವನ್ನು ಅರ್ಧ ಸೆಂಟಿಮೀಟರ್ ಆಳದಲ್ಲಿ ಬಿತ್ತಬೇಕು. ಸುಮಾರು ಒಂದು ವಾರದಲ್ಲಿ ಮೊಳಕೆ ಬರುತ್ತದೆ. ನೀರು ಅತಿಯಾದರೆ ಎಳೆ ಸಸಿಗಳ ಬುಡ ಕೊಳೆಯುತ್ತದೆ. 3-4 ವಾರಗಳ ಸಸಿಯನ್ನು 10-12 ಅಂಗುಲದ ಕುಂಡಕ್ಕೆ ಒಂದರಂತೆ ನೆಟ್ಟು, ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವಲ್ಲಿ ಇಡಬೇಕು. ಗಿಡ ಚೇತರಿಸಿಕೊಂಡ ನಂತರ ತುದಿಯ ಕುಡಿ ಚಿವುಟಿದರೆ ಪಕ್ಕದ ಕವಲುಗಳು ಒಡೆದು ಹೂವಿನ ಸಂಖ್ಯೆ ಹೆಚ್ಚುತ್ತದೆ. ಸಾರಜನಕದ ಗೊಬ್ಬರ ಹೆಚ್ಚಾದರೆ ಎಲೆ ಸೊಂಪಾಗುತ್ತದೆಯೇ ಹೊರತು ಹೂವಲ್ಲ.

ಬಿತ್ತಿದ ಕೆಲವು ತಿಂಗಳಲ್ಲಿ ಹೂ ಅರಳುತ್ತದೆ; ಅವಧಿ ತಳಿಯನ್ನು ಅವಲಂಬಿಸಿರುತ್ತದೆ. ಗುಂಡ್ಲುಪೇಟೆಯ ಹೊಲಗಳು ಅರಳಿರುವಾಗ ಮನೆಯಲ್ಲಿ ಬಿತ್ತಿದರೆ, ಮುಂದೆ ಅಂಗಳದಲ್ಲಿಯೇ ಹೂ ಸಿಗುತ್ತದೆ.

ಮುಂದಿನ ವರ್ಷಕ್ಕೆ ಬೀಜ

ಆರೋಗ್ಯವಂತ ಗಿಡದ ಎರಡು-ಮೂರು ಹೂಗಳನ್ನು ಕೀಳದೆ ಬಿಡಬೇಕು. ಹೂವಿನ ಬುಡದ ಹಸಿರು ಬಟ್ಟಲು ಕಂದಾಗಿ ಒಣಗಿದಾಗ ಬಿಡಿಸಿದರೆ, ಕಪ್ಪನೆಯ ಸಣ್ಣ ಕಡ್ಡಿಯಂತಹ ಬೀಜಗಳು ದೊರೆಯುತ್ತವೆ. ಅವುಗಳನ್ನು ನೆರಳಿನಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿ ದಿನಾಂಕ ಬರೆದಿಡುವುದು ಒಳಿತು. ಹಳೆಯದಾದಷ್ಟೂ ಮೊಳೆಯುವ ಶಕ್ತಿ ಕುಗ್ಗುತ್ತದೆ. ಜೇನುನೊಣಗಳು ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಒಯ್ಯುವುದರಿಂದ, ಶುದ್ಧ ಬಣ್ಣ ಬೇಕಿದ್ದವರು ಒಂದೇ ತಳಿಯನ್ನು ಬೆಳೆಸುವುದು ಸೂಕ್ತ.

ಹೆದ್ದಾರಿಯ ಬದಿಯ ಹೂವನ್ನು ಬದುವಿನಲ್ಲಿ ನಿಂತೇ ನೋಡಿ ಆನಂದಿಸಬಹುದು. ಅದು ಒಬ್ಬ ರೈತನ ಆ ವರ್ಷದ ಆದಾಯ. ಮನೆಗೆ ಬೇಕಾದ ಹೂವಿಗೆ ಒಂದು ಚಿಟಿಕೆ ಬೀಜ ಸಾಕು.