ಹದಿನೆಂಟು ಗುಂಟೆ ಕೇಳಲು ಹೋಗಿ

ಹೆಣ್ಣು ಕೇಳಲು ಹೋದವರು ನೇರವಾಗಿ ವಿಷಯಕ್ಕೆ ಬರುವುದಿಲ್ಲ. ಮಳೆ ಬೆಳೆಯ ಮಾತಾಡಿ, ಮಜ್ಜಿಗೆ ಕುಡಿದು, ಹೊರಡುವ ಹೊತ್ತಿಗೆ ಒಂದು ಮಾತು ಹಾಕುತ್ತಾರೆ. ಹೊಲ ಕೇಳುವುದೂ ಹಾಗೆಯೇ ಎಂಬುದು ಇಪ್ಪತ್ತೆಂಟು ವರ್ಷ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟ ನನಗೆ ತಿಳಿದಿರಬೇಕಿತ್ತು. ತಿಳಿದಿರಲಿಲ್ಲ.

ಎರಡು ವರ್ಷದ ಹಿಂದಿನ ಮಾತು. ತಿಪಟೂರು ಸೀಮೆಯಲ್ಲಿ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿಗೆ ಒಂದು ಹೊಲ. ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ಬದುವಿನ ಮೇಲೆ ಒಂದು ಹಳೆಯ ಹೊಂಗೆ ಮರ. ಮೂಲೆಯ ಇಪ್ಪತ್ತು ಗುಂಟೆ ಮಾತ್ರ ಬೀಳು ಬಿದ್ದಿತ್ತು. ನಮ್ಮ ತಂದೆಯ ಕಾಲಕ್ಕೇ ಜಮೀನು ಕೈಬಿಟ್ಟಿದ್ದರಿಂದ, ನಿವೃತ್ತಿಯ ನಂತರ ಮಣ್ಣಿನಲ್ಲಿ ಕೈಯಾಡಿಸುವ ಆಸೆ ನನ್ನದು. ಕೃಷಿಕರಲ್ಲದವರಿಗೆ ಅಡ್ಡಿಯಾಗಿದ್ದ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ರದ್ದಾಗಿದ್ದವು. ಇದರಿಂದ ರೈತನಿಗೆ ಒಳ್ಳೆಯದಾಯಿತೇ ಎಂಬ ಬಗ್ಗೆ ನನಗೆ ಅನುಮಾನವಿದೆ. ಆದರೂ ಅದರ ಅನುಕೂಲ ಪಡೆಯಲು ಹೊರಟವನು ನಾನೇ!

ದಲ್ಲಾಳಿಯೊಬ್ಬನನ್ನು ಕರೆದುಕೊಂಡು ಹೋದೆ. ಜಗಲಿಯ ಮೇಲೆ ಕುಳಿತವನೇ ಪಹಣಿಯ ಪ್ರತಿ ಬಿಡಿಸಿ, ಗುಂಟೆಗೆ ಇಷ್ಟು ಎಂದು ಬೆಲೆ ಹೇಳಿಬಿಟ್ಟೆ. ಹೊಲದ ಒಡೆಯರಾದ ಗೌಡರು ಕಾಗದವನ್ನು ಮುಟ್ಟಲಿಲ್ಲ.

"ನಮ್ಮ ಹೊಲ ಮಾರೋಕೈತೆ ಅಂತ ಯಾರು ಹೇಳಿದ್ರು ಮೇಷ್ಟ್ರೇ?"

ಕಾಫಿ ಬಂತು. ಮಾತು ಬರಲಿಲ್ಲ.

ನಾನು ಮಾಡಿದ ಅನಾಹುತ ತಿಳಿದದ್ದು ಆಮೇಲೆ. ದಲ್ಲಾಳಿ ಮನೆ ಮೆಟ್ಟಿಲು ಹತ್ತಿದನೆಂದರೆ, ಗೌಡರಿಗೇನೋ ತಾಪತ್ರಯ ಬಂದಿದೆ ಎಂದು ಊರು ತೀರ್ಮಾನಿಸುತ್ತದೆ. ಸಂಜೆಯೊಳಗೆ ಇಬ್ಬರು ಕೊಟ್ಟ ಕೈಸಾಲ ಕೇಳಿಕೊಂಡು ಬಂದರಂತೆ. ಮಗಳಿಗೆ ಗಂಡು ನೋಡುತ್ತಿದ್ದ ಕಾಲ ಬೇರೆ. ಎಲ್ಲವೂ ನನ್ನ ಒಂದು ಗಂಟೆಯ ಭೇಟಿಯ ಫಲ.

ಮುಂಗಾರಿನ ಮೊದಲ ಹದಮಳೆ ಬಿದ್ದ ಮರುದಿನ ಒಬ್ಬನೇ ಹೋದೆ. "ಅವತ್ತು ತಪ್ಪಾಯ್ತು ಗೌಡರೇ" ಎಂದೆ. ಅವರು ನಕ್ಕರು. "ಬೆಲೆ ಮೊದ್ಲು ಹೇಳ್ಬಿಟ್ರಿ. ನೀರು ಎಲ್ಲಿ ನಿಲ್ತದೆ ಅಂತ ಕೇಳ್ಲೇ ಇಲ್ವಲ್ಲ" ಎನ್ನುತ್ತಾ ಎದ್ದು ಹೊಲಕ್ಕೆ ಕರೆದುಕೊಂಡು ಹೋದರು.

ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರಡಿ. ಅಂಥ 40 ಸೇರಿದರೆ ಒಂದು ಎಕರೆ. ತರಗತಿಯಲ್ಲಿ ನೂರು ಸಲ ಮಾಡಿಸಿದ ಲೆಕ್ಕ. ಆದರೆ ಗೌಡರು ಹೆಜ್ಜೆ ಹಾಕಿ ತೋರಿಸಿದ ಜಾಗ ಯಾವ ಕಡೆಯಿಂದಲೂ ಚೌಕವಾಗಿರಲಿಲ್ಲ. ತಗ್ಗಿನಲ್ಲಿ ನೀರು ನಿಂತಿತ್ತು. ಪಕ್ಕದಲ್ಲಿ ಹಾದುಹೋದ ಬಂಡಿದಾರಿ ಎರಡು ಗುಂಟೆಯಷ್ಟು. ದಾಖಲೆಯಲ್ಲಿ 'ಬಿ' ಖರಾಬು, ಎಂದರೆ ಸಾರ್ವಜನಿಕರದು, ಮಾರುವಂತಿಲ್ಲ. ದಲ್ಲಾಳಿ ಅದನ್ನೂ ಸೇರಿಸಿ ಇಪ್ಪತ್ತು ಮಾಡಿದ್ದ. ಗೌಡರೇ ಕಳೆದು ಹದಿನೆಂಟು ಎಂದರು. ಪಹಣಿಯ 11ನೇ ಕಲಮಿನಲ್ಲಿದ್ದ ಬೆಳೆಸಾಲವನ್ನೂ ಮುಚ್ಚಿಡಲಿಲ್ಲ.

ಇನ್ನು ಕಾಗದಪತ್ರ. ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ ತೆಗೆಸಿದೆ. ಸರ್ಕಾರದಿಂದ ಪರಿಶಿಷ್ಟರಿಗೆ ಮಂಜೂರಾದ ಭೂಮಿಯಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರಾಟ ನಡೆಯದು. ಇದು ಅಂಥದ್ದಲ್ಲ, ಪಿತ್ರಾರ್ಜಿತ. ತೊಡಕು ಬಂದದ್ದು ಅಲ್ಲಿಯೇ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಗೌಡರೊಬ್ಬರ ಹೆಸರಿಗೇ ಆಗಿತ್ತು. ಅರಸೀಕೆರೆಗೆ ಕೊಟ್ಟ ತಂಗಿಯ ಹೆಸರು ಎಲ್ಲಿಯೂ ಇರಲಿಲ್ಲ.

"ಮದ್ವೆ ಮಾಡಿ ಕಳ್ಸಿ ಮೂವತ್ತು ವರ್ಷ ಆಯ್ತು. ಅವಳನ್ಯಾಕೆ ಕರೀಬೇಕು?"

2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. ತಂದೆ ಅದಕ್ಕೆ ಮುಂಚೆ ತೀರಿಕೊಂಡಿದ್ದರೂ ಆ ಹಕ್ಕಿಗೆ ಚ್ಯುತಿಯಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಪಾಠ ಮಾಡುವ ಧಾಟಿಯಲ್ಲಿ ಇದನ್ನೆಲ್ಲ ಒಪ್ಪಿಸಿದೆ. ಗೌಡರ ಮುಖ ಗಂಟಾಯಿತು. "ಹಂಗಾದ್ರೆ ಬ್ಯಾಡ ಬಿಡಿ" ಎಂದರು. ತಂಗಿಯ ಸಹಿ ಇಲ್ಲದೆ ಕೊಳ್ಳಲು ನನಗೂ ಮನಸ್ಸಿರಲಿಲ್ಲ. ಕೋರ್ಟಿನ ಹೆದರಿಕೆ ಅರ್ಧ, ಉಳಿದರ್ಧ ನನಗೂ ಒಬ್ಬ ಅಕ್ಕ ಇದ್ದಾಳೆ ಎಂಬುದು. ನಮ್ಮ ಹೊಲ ಮಾರಿದಾಗ ಅವಳನ್ನು ಯಾರೂ ಕೇಳಿರಲಿಲ್ಲ.

ಮೂರು ತಿಂಗಳು ಮಾತಿಲ್ಲ. ಗೌರಿ ಹಬ್ಬದ ಮರುದಿನ ಗೌಡರ ಮೊಮ್ಮಗ ಶಾಲೆಗೆ ಬಂದು, "ಸಾರ್, ತಾತ ಬರಬೇಕಂತೆ" ಎಂದ. ಬಾಗಿನಕ್ಕೆಂದು ಬಂದ ತಂಗಿ ಜಗಲಿಯ ಮೇಲಿದ್ದರು. ವಿಷಯವೆಲ್ಲ ಅಣ್ಣನೇ ಹೇಳಿದ್ದರು.

"ಇಷ್ಟು ವರ್ಷ ಬಾಗಿನವೇ ಸಾಕು ಅಂತಿದ್ದೆ ಮೇಷ್ಟ್ರೇ. ಈಗ ಅಣ್ಣನೇ ಕೇಳ್ತಾವ್ನೆ. ಸಹಿ ಹಾಕ್ತೀನಿ. ಆದ್ರೆ ನನ್ನ ಭಾಗದ ದುಡ್ಡು ನನಗೆ ಬರ್ಲಿ."

ಗೌಡರು ಬಹಳ ಹೊತ್ತು ಅಂಗಳ ನೋಡುತ್ತಿದ್ದರು. ಆಮೇಲೆ, "ಬರೆಸಿ ಮೇಷ್ಟ್ರೇ, ಇಬ್ಬರ ಹೆಸರೂ ಬರೆಸಿ" ಎಂದರು. ಬೆಲೆ ನಾನು ಮೊದಲು ಹೇಳಿದ್ದಕ್ಕಿಂತ ಸ್ವಲ್ಪ ಏರಿತು. ನಾನು ಚೌಕಾಸಿ ಮಾಡಲಿಲ್ಲ. ಮುಂಗಡದಲ್ಲಿ ಬೆಳೆಸಾಲ ತೀರಿತು.

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ 11ಇ ನಕ್ಷೆ ಬೇಕು. ಅರ್ಜಿ ಕೊಟ್ಟು ಕಾದೆವು. ಭೂಮಾಪಕರು ಬಂದು ಅಳೆದಾಗ ಹೊಂಗೆ ಮರ ನನ್ನ ಕಡೆಗೆ ಬಂತು. ಅದು ತಮ್ಮ ಅಪ್ಪ ನೆಟ್ಟದ್ದು ಎಂದು ತಂಗಿ ಹೇಳಿದರು. "ಕಡೀಬ್ಯಾಡಿ, ನೆರಳಿಗೆ ಬರ್ತಿರ್ತೀನಿ" ಎಂದಷ್ಟೇ ಗೌಡರು ಅಂದರು.

ಮಧ್ಯಾಹ್ನದ ಹೊತ್ತು ಈಗಲೂ ಬಂದು ಅಲ್ಲೇ ಕೂರುತ್ತಾರೆ. ನನ್ನ ತೊಗರಿ ಸಾಲು ಸೊಟ್ಟಗಿದೆ ಎಂದು ನಿನ್ನೆಯೂ ಹೇಳಿದರು.