ಕಂಪ್ಯೂಟರ್ ಪೆಟ್ಟಿಗೆಯೊಳಗೆ ಗಾಳಿಯ ದಾರಿ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಎಂದು ವಾರಗಟ್ಟಲೆ ಅಳೆದು ತೂಗುತ್ತಾರೆ. ಫ್ಯಾನಿನ ಸರದಿ ಬಂದಾಗ ಮಾತ್ರ ಬಣ್ಣದ ಬೆಳಕು ನೋಡಿ ಆರಿಸಿ, ಜಾಗ ಸಿಕ್ಕಲ್ಲೆಲ್ಲ ಒಂದೊಂದನ್ನು ಬಿಗಿದು ಮುಗಿಸುವುದೇ ಹೆಚ್ಚು. ಅಷ್ಟು ದುಡ್ಡು ಸುರಿದ ಯಂತ್ರ ಬೇಸಿಗೆ ಬರುತ್ತಲೇ ಏದುಸಿರು ಬಿಡಲು ಇದಿಷ್ಟು ಸಾಕು.

ಕಂಪ್ಯೂಟರ್ ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಶಾಖವಾಗುತ್ತದೆ. ಪೆಟ್ಟಿಗೆಯೊಳಗೆ 300 ವ್ಯಾಟ್ ಶಾಖ ಹುಟ್ಟುತ್ತಿದ್ದು, ಒಳಹೋದ ಗಾಳಿ 10 ಡಿಗ್ರಿಯಷ್ಟೇ ಬಿಸಿಯಾಗಿ ಹೊರಬರಬೇಕೆಂದರೆ ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಹಾದುಹೋಗಬೇಕು. ಕೋಣೆಯ ಗಾಳಿಗಿಂತ ತಂಪನ್ನು ಯಾವ ಫ್ಯಾನೂ ಕೊಡಲಾರದು. ರಾಯಚೂರು, ಕಲಬುರಗಿಯ ಮೇ ತಿಂಗಳ ಸೆಕೆಯಲ್ಲಿ ಒಳನುಗ್ಗುವುದೇ ಬಿಸಿಗಾಳಿ. ಇಂದಿನ ಹಲವು ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಮುಟ್ಟಿದೊಡನೆ ತಮ್ಮನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತವೆ. ದುಡ್ಡು ಕೊಟ್ಟು ಕೊಂಡ ವೇಗ ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಮುಂದಿನಿಂದ ಒಳಗೆ, ಹಿಂದಿನಿಂದ ಹೊರಗೆ

ಮುಂಬಾಗಿಲಿಗೆ ನೇರವಾಗಿ ಹಿತ್ತಿಲ ಬಾಗಿಲಿದ್ದ ಹಳೆಯ ಮನೆಗಳಲ್ಲಿ ಗಾಳಿ ಸಲೀಸಾಗಿ ಆಡುತ್ತಿತ್ತು. ಕ್ಯಾಬಿನೆಟ್ಟಿನ ಸೂತ್ರವೂ ಅದೇ. ತಣ್ಣನೆಯ ಗಾಳಿ ಮುಂದಿನಿಂದ ಮತ್ತು ಕೆಳಗಿನಿಂದ ಬರಲಿ. ಬಿಸಿಗಾಳಿ ಹಿಂದಿನಿಂದ ಮತ್ತು ಮೇಲಿನಿಂದ ಹೋಗಲಿ. ಮುಂದೆ ಎರಡು, ಹಿಂದೆ ಒಂದು, ಹೀಗೆ 120 ಅಥವಾ 140 ಮಿ.ಮೀ. ಅಳತೆಯ ಮೂರು ಫ್ಯಾನುಗಳು ಬಹುಪಾಲು ಮನೆಗಳಿಗೆ ಸಾಕು. ಬಿಸಿಗಾಳಿ ಮೇಲೇರುತ್ತದೆ ನಿಜ. ಫ್ಯಾನಿನ ಒತ್ತಡದ ಮುಂದೆ ಆ ಏರಿಕೆಯ ಬಲ ತೀರ ಕಡಿಮೆ.

ಮೇಲ್ಭಾಗದಲ್ಲಿ, ಅದರಲ್ಲೂ ಮುಂದಿನ ಮೂಲೆಯಲ್ಲಿ ಗಾಳಿ ಹೊರದಬ್ಬುವ ಫ್ಯಾನ್ ಕೂರಿಸುವ ಮುನ್ನ ಯೋಚಿಸಬೇಕು. ಆಗತಾನೆ ಒಳಬಂದ ತಂಪು ಗಾಳಿ ಪ್ರೊಸೆಸರ್ ತಲುಪುವ ಮೊದಲೇ ಅಲ್ಲಿಂದ ಹೊರಟುಹೋಗುತ್ತದೆ. ಮೇಲೆ ಒಂದು ಬೇಕೇಬೇಕೆಂದರೆ ಹಿಂಬದಿಯ ಜಾಗವೇ ಸರಿ.

ಸಾಮಾನ್ಯ ಫ್ಯಾನುಗಳಲ್ಲಿ ಮೋಟರನ್ನು ಹಿಡಿದಿಟ್ಟ ಅಡ್ಡಕಡ್ಡಿಗಳಿರುವ ಕಡೆಯಿಂದ ಗಾಳಿ ಹೊರಬೀಳುತ್ತದೆ. ಅಂದಕ್ಕೆಂದು ತಿರುಗುಮುರುಗು ರೆಕ್ಕೆಯ ಫ್ಯಾನುಗಳೂ ಈಗ ಸಿಗುವುದರಿಂದ, ಚೌಕಟ್ಟಿನ ಮೇಲಿನ ಬಾಣದ ಗುರುತು ನೋಡಿ. ಗುರುತಿಲ್ಲದಿದ್ದರೆ ಕಾಗದದ ಚೂರೊಂದನ್ನು ಎದುರು ಹಿಡಿದರೂ ತಿಳಿಯುತ್ತದೆ. ವೈರುಗಳನ್ನು ಮದರ್‌ಬೋರ್ಡಿನ ಹಿಂದೆ ಸರಿಸಿ ಕಟ್ಟಿದರೆ ದಾರಿ ಇನ್ನಷ್ಟು ಸಲೀಸು.

ಧೂಳಿನ ಲೆಕ್ಕ

ನಮ್ಮ ಊರುಗಳಲ್ಲಿ ಸೆಕೆಯಷ್ಟೇ ಕಾಡುವುದು ಧೂಳು. ಹೊರದಬ್ಬುವ ಫ್ಯಾನುಗಳ ಬಲ ಹೆಚ್ಚಾದರೆ ಒಳಗಿನ ಒತ್ತಡ ಕುಸಿದು, ಸಿಕ್ಕಸಿಕ್ಕ ಸಂದಿಯಿಂದೆಲ್ಲ ಗಾಳಿ ಧೂಳನ್ನೂ ಎಳೆದುಕೊಂಡು ಬರುತ್ತದೆ. ಒಳತರುವ ಗಾಳಿ ತುಸು ಹೆಚ್ಚಿದ್ದರೆ ಸಂದಿಗಳಲ್ಲಿ ಗಾಳಿ ಹೊರಮುಖವಾಗಿ ಸಾಗುತ್ತದೆ. ಧೂಳು ಮುಂದಿನ ಜಾಲರಿಯಲ್ಲೇ ನಿಲ್ಲುತ್ತದೆ. ಊದುಬತ್ತಿಯ ಹೊಗೆಯನ್ನು ಸಂದಿಯ ಬಳಿ ಹೊರಗಿನಿಂದ ಹಿಡಿದರೆ ಅದು ಒಳಸೇರುತ್ತದೋ ದೂರ ಸರಿಯುತ್ತದೋ ಕಣ್ಣಿಗೇ ಕಾಣುತ್ತದೆ. ಜಾಲರಿ ಮುಚ್ಚಿಹೋದರೆ ಈ ಲೆಕ್ಕವೆಲ್ಲ ತಲೆಕೆಳಗು. ಹಾಗಾಗಿ ಅದನ್ನು ಆಗಾಗ ತೆಗೆದು ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು.

ನಿಧಾನವೇ ಲಾಭ

ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿಯೂ ಸುಮಾರು ಅರ್ಧವಾಗುತ್ತದೆ. ರೆಕ್ಕೆ ತಿರುಗಿಸಲು ಬೇಕಾದ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, ಸದ್ದೂ ಬಹಳ ತಗ್ಗುತ್ತದೆ. ಆದ್ದರಿಂದ ಒಂದೇ ಫ್ಯಾನನ್ನು ಜೋರಾಗಿ ಓಡಿಸುವುದಕ್ಕಿಂತ ಎರಡನ್ನು ನಿಧಾನವಾಗಿ ಓಡಿಸುವುದು ಲೇಸು. ನಾಲ್ಕು ಪಿನ್ನಿನ ಫ್ಯಾನ್ ಕೊಂಡರೆ, ಶಾಖ ಏರಿದಂತೆ ವೇಗ ಹಂತಹಂತವಾಗಿ ಏರುವಂತೆ ಬಯೋಸ್‌ನಲ್ಲಿ ಹೊಂದಿಸಬಹುದು.

ಇಷ್ಟಾದರೂ ಯಂತ್ರ ಕಾಯುತ್ತಿದ್ದರೆ ಇನ್ನೊಂದು ಫ್ಯಾನ್ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಭಾರದ ಆಟವೊಂದನ್ನು ಓಡಿಸಿ ಉಷ್ಣಾಂಶ ಬರೆದುಕೊಳ್ಳಿ. ಪಕ್ಕದ ಮುಚ್ಚಳ ತೆಗೆದು ಅದೇ ಆಟವನ್ನು ಅಷ್ಟೇ ಹೊತ್ತು ಓಡಿಸಿ. ಉಷ್ಣಾಂಶ ಸಾಕಷ್ಟು ಇಳಿದರೆ ಪೆಟ್ಟಿಗೆಗೆ ಉಸಿರು ಕಟ್ಟಿದೆ ಎಂದರ್ಥ: ಮುಂದಿನ ಗಾಜು, ಕೊಳೆಯಾದ ಜಾಲರಿ, ಉಲ್ಟಾ ಕೂತ ಫ್ಯಾನ್ ಇವುಗಳಲ್ಲಿ ತಪ್ಪು ಹುಡುಕಿ. ಇಳಿಯದಿದ್ದರೆ ಪ್ರೊಸೆಸರ್ ಮೇಲಿನ ಕೂಲರ್ ಮತ್ತು ಅದರಡಿಯ ಪೇಸ್ಟ್ ಕಡೆಗೆ ಗಮನ ಹರಿಸಿ. ಎರಡರಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕೆಂಬುದು ಖರ್ಚಿಲ್ಲದೆ ತಿಳಿಯುತ್ತದೆ.