ಗೋರ್ಮನ್ ಜಲಪಾತಕ್ಕೆ ಒಂದು ರಾತ್ರಿ, ಒಬ್ಬನೇ

ಟೆಕ್ಸಾಸ್‌ನಲ್ಲಿ ಜಲಪಾತ ಎಲ್ಲಿದೆ ಅಂತ ನಮ್ಮ ಸೌತ್‌ಲೇಕ್ ಕನ್ನಡಿಗರನ್ನು ಕೇಳಿದರೆ ಹೆಚ್ಚಿನವರು ಟರ್ನರ್ ಫಾಲ್ಸ್ ಅನ್ನುತ್ತಾರೆ. ಅದು ಚೆನ್ನಾಗಿದೆ, ಆದರೆ ಇರುವುದು ಒಕ್ಲಹೋಮದಲ್ಲಿ. ಬೇಸಿಗೆಯಲ್ಲಿ ಅಲ್ಲಿ ಜಾತ್ರೆಯ ಹಾಗೆ ಜನ. ನಮ್ಮ ರಾಜ್ಯದಲ್ಲೇ ಲ್ಯಾಂಪಾಸಸ್ ಊರಿನ ಪಶ್ಚಿಮಕ್ಕೆ, ಕೊಲರಾಡೊ ಬೆಂಡ್ ಸ್ಟೇಟ್ ಪಾರ್ಕ್ ಒಳಗೆ ಗೋರ್ಮನ್ ಫಾಲ್ಸ್ ಇದೆ. ಎತ್ತರ ಸುಮಾರು 70 ಅಡಿ. ಸೌತ್‌ಲೇಕ್‌ನಿಂದ ಮೂರು ಗಂಟೆ ದಾರಿ, ಆಸ್ಟಿನ್‌ನಿಂದ ಎರಡು, ಹ್ಯೂಸ್ಟನ್‌ನಿಂದ ನಾಲ್ಕಕ್ಕೂ ಸ್ವಲ್ಪ ಹೆಚ್ಚು.

ಜೋಗದಲ್ಲಿ ರಾಜಾ 830 ಅಡಿಯಿಂದ ಬೀಳುವುದನ್ನು ನೋಡಿದವರಿಗೆ ಈ 70 ಅಡಿ ಯಾವ ಲೆಕ್ಕ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಸಾಮಾನ್ಯವಾಗಿ ಜಲಪಾತ ತನ್ನ ಬಂಡೆಯನ್ನು ಕೊರೆಯುತ್ತಾ ಹೋಗುತ್ತದೆ. ಗೋರ್ಮನ್ ಬಂಡೆಯನ್ನು ಕಟ್ಟುತ್ತಾ ಹೋಗುತ್ತದೆ. ಮಳೆ ನೀರು ಮಣ್ಣಿನಲ್ಲಿ ಇಂಗುವಾಗ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ, ಕೆಳಗಿನ ಸುಣ್ಣಕಲ್ಲನ್ನು ಕರಗಿಸಿಕೊಂಡು ಬುಗ್ಗೆಯಾಗಿ ಹೊರಗೆ ಬರುತ್ತದೆ. ಗಾಳಿಗೆ ಬಂದ ಮೇಲೆ ಆ ಅನಿಲ ಹಾರಿಹೋಗಿ ಸುಣ್ಣ ಅಲ್ಲೇ ಪದರ ಪದರವಾಗಿ ಕೂರುತ್ತದೆ. ಈ ಕಲ್ಲಿಗೆ ಟ್ರಾವರ್ಟೈನ್ ಎನ್ನುತ್ತಾರೆ. ಪಾಚಿ, ಜರೀಗಿಡಗಳ ಮೇಲೂ ಸುಣ್ಣ ಕಟ್ಟಿಕೊಂಡು ಕಲ್ಲಾಗುತ್ತದೆ. ಒಂದು ಕಾಲು ತಪ್ಪಿ ಇಟ್ಟರೆ ಎಷ್ಟೋ ವರ್ಷದ ಕೆಲಸ ಮುರಿದ ಹಾಗೆ. ಅದಕ್ಕೇ ಅಲ್ಲಿ ಈಜು ಇಲ್ಲ, ಬೇಲಿ ದಾಟುವ ಹಾಗಿಲ್ಲ.

ನಾನು ಹೋದದ್ದು ಏಪ್ರಿಲ್ 15 ಕಳೆದ ಮೇಲೆ. ಅಕೌಂಟೆಂಟ್‌ಗಳಿಗೆ ಆ ತಾರೀಖಿನ ಅರ್ಥ ಹೇಳಬೇಕಿಲ್ಲ. ಮೂರು ತಿಂಗಳು ಬೇರೆಯವರ ಲೆಕ್ಕ ನೋಡಿ ನೋಡಿ, ಒಂದು ರಾತ್ರಿ ಯಾರ ಮಾತೂ ಕೇಳದ ಜಾಗದಲ್ಲಿ ಇರಬೇಕು ಅನ್ನಿಸಿತು. ಮನೆಯವಳ ಪ್ರಶ್ನೆ ನೇರವಾಗಿತ್ತು: "ಏನ್ರೀ ಇದು, ಬಿಪಿ ಮಾತ್ರೆ ತಗೊಳ್ಳೋ ವಯಸ್ಸಲ್ಲಿ ಒಬ್ರೇ ಕಾಡಲ್ಲಿ ಮಲಗೋದಾ? ಏನಾದ್ರೂ ಆದ್ರೆ ನಮಗೆ ಗೊತ್ತಾಗೋದು ಹೇಗೆ?"

ಅವಳು ಕೇಳಿದ್ದು ಸರಿ. ಪಾರ್ಕ್ ಒಳಗೆ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಆದ್ದರಿಂದ ಒಂದು ಒಪ್ಪಂದ ಮಾಡಿಕೊಂಡೆವು. ಯಾವ ಟ್ರೈಲ್, ಯಾವ ಟೆಂಟ್ ಜಾಗ, ಕಾರ್ ನಂಬರ್, ಪಾರ್ಕ್ ಆಫೀಸಿನ ಫೋನ್, ಎಲ್ಲಾ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಭಾನುವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ನನ್ನ ಫೋನ್ ಬರದಿದ್ದರೆ ಅವಳು ಪಾರ್ಕ್‌ಗೆ ಫೋನ್ ಮಾಡಬೇಕು. "ಇನ್ನೂ ಅರ್ಧ ಗಂಟೆ ನೋಡೋಣ" ಅನ್ನುವುದು ಇಲ್ಲ.

ಮೊದಲೇ ಆನ್‌ಲೈನ್‌ನಲ್ಲಿ ಟೆಂಟ್ ಜಾಗ ಕಾದಿರಿಸಿದ್ದೆ. ನದಿ ಪಕ್ಕದ್ದು ನೋಡಲು ಚಂದ, ಆದರೆ ನಾನು ಆರಿಸಿದ್ದು ಮೇಲಿನ ವಿಂಡ್‌ಮಿಲ್ ಕಡೆಯ ಜಾಗ. 2025ರ ಜುಲೈ 4ರ ಬೆಳಗಿನ ಜಾವ ಗ್ವಾಡಲೂಪೆ ನದಿ ಹೇಗೆ ಏರಿತು, ಎಷ್ಟು ಜನ ಹೋದರು ಎಂಬುದನ್ನು ಟೆಕ್ಸಾಸ್‌ನಲ್ಲಿರುವ ಯಾರೂ ಮರೆತಿಲ್ಲ. ಈ ಹಿಲ್ ಕಂಟ್ರಿಯಲ್ಲಿ ಮಣ್ಣು ತೆಳು, ಕೆಳಗೆ ಕಲ್ಲು. ದೂರದಲ್ಲಿ ಬಿದ್ದ ಮಳೆಯೂ ರಾತ್ರೋರಾತ್ರಿ ಹಳ್ಳಕ್ಕೆ ಬರುತ್ತದೆ.

ಬೆನ್ನ ಮೇಲೆ ಹೊತ್ತದ್ದರಲ್ಲಿ ಭಾರವಾದದ್ದು ನೀರು. ಆರು ಲೀಟರ್ ಅಂದರೆ ಆರು ಕಿಲೋ, ಅಂದರೆ 13 ಪೌಂಡ್. ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ ಇದ್ದದ್ದರಿಂದ ಒಲೆಯ ಗೊಡವೆ ಇರಲಿಲ್ಲ. ತಲೆಗೆ ಕಟ್ಟುವ ದೀಪ, ಸೀಟಿ, ಮಾತ್ರೆ, ಮಳೆ ಅಂಗಿ. ಇಷ್ಟೇ.

ಕತ್ತಲಾದ ಮೇಲೆ ಎರಡು ಗಂಟೆ ನಿದ್ದೆ ಬರಲಿಲ್ಲ. ಒಣ ಎಲೆ ಮೇಲೆ ಏನೋ ಪರಪರ ಅಂತ ಓಡಾಡುತ್ತಿತ್ತು. ದೀಪ ಬಿಟ್ಟು ನೋಡಿದರೆ ಒಂದು ಆರ್ಮಡಿಲೊ, ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮೂಗಿನಿಂದ ಮಣ್ಣು ಕೆದಕುತ್ತಿತ್ತು. ಆಮೇಲೆ ಹೆದರಿಕೆ ಹೋಯಿತು. ಟೆಂಟಿನಿಂದ ಆಚೆ ಬಂದು ಕೂತೆ. ಅಷ್ಟು ನಕ್ಷತ್ರ ನೋಡಿ ಬಹಳ ವರ್ಷವಾಗಿತ್ತು, ಊರಲ್ಲಿ ಕರೆಂಟ್ ಹೋದಾಗ ಮಾಳಿಗೆ ಮೇಲೆ ಮಲಗುತ್ತಿದ್ದೆವಲ್ಲ, ಆಗಿನದು.

ಬೆಳಿಗ್ಗೆ ಟೆಂಟ್ ಮಡಚಿ ಚೀಲ ಕಾರಿನಲ್ಲಿಟ್ಟು, ನೀರು ಮಾತ್ರ ಹಿಡಿದು ಗೋರ್ಮನ್ ಟ್ರೈಲ್ ಹಿಡಿದೆ. ಹೋಗಲು ಒಂದೂವರೆ ಮೈಲಿ, ಬರಲು ಅಷ್ಟೇ. ಕಲ್ಲು, ಪಾಪಸ್‌ಕಳ್ಳಿ, ಗಿಡ್ಡ ಜುನಿಪರ್ ಮರ. ನೆರಳು ಕಡಿಮೆ. ಕೊನೆಯಲ್ಲಿ ಕಡಿದಾದ ಇಳಿಜಾರು. ಸಾವಿರಾರು ಕಾಲು ತಿಕ್ಕಿ ಬಂಡೆ ನುಣುಪಾಗಿದೆ. ಹಿಡಿಯಲು ಕೇಬಲ್ ಇದೆ. ಒಬ್ಬನೇ ಬಂದವನು ಜಾರಿದರೆ ಎತ್ತುವವರಿಲ್ಲ ಎಂಬುದು ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮುಖ ಬಂಡೆ ಕಡೆ ತಿರುಗಿಸಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು ಇಳಿದೆ.

ಕೆಳಗೆ ಇಳಿದರೆ ಗಾಳಿಯೇ ಬೇರೆ, ತಂಪು. ಹಸಿರು ಗೋಡೆಯಿಂದ ನೂರು ಎಳೆಯಾಗಿ ನೀರು ಇಳಿಯುತ್ತಿತ್ತು. ಜೋಗದ ಗುಡುಗು ಇಲ್ಲ, ಸೋನೆ ಮಳೆಯ ಸದ್ದು. ಆ ನೀರು ಪಕ್ಕದ ಕೊಲರಾಡೊ ನದಿಗೆ ಸೇರುತ್ತದೆ. ಇದು ಗ್ರ್ಯಾಂಡ್ ಕ್ಯಾನ್ಯನ್‌ನ ಕೊಲರಾಡೊ ಅಲ್ಲ, ಟೆಕ್ಸಾಸ್‌ನದ್ದೇ. ಬುಕಾನನ್ ಕೆರೆ, ಟ್ರಾವಿಸ್ ಕೆರೆ ದಾಟಿ ಆಸ್ಟಿನ್ ಮಧ್ಯದಲ್ಲಿ ಹರಿಯುವುದು ಇದೇ. ಆಸ್ಟಿನ್ ಬಂಧುಗಳೇ, ನಿಮ್ಮ ಮನೆ ನಲ್ಲಿಗೆ ಬರುವುದೂ ಇದೇ ನದಿಯ ನೀರು.

ಇನ್ನೂ ಕೂರುವ ಆಸೆ ಬಹಳ ಇತ್ತು. ಆದರೆ ಹತ್ತೂವರೆಗೆ ಎದ್ದೆ. ಒಂದು ಗಂಟೆಯ ಮಾತು ಕೊಟ್ಟಾಗಿತ್ತು. ಲ್ಯಾಂಪಾಸಸ್ ಮುಟ್ಟಿ ಫೋನ್ ಮಾಡಿದಾಗ 12:40. "ಬಂದ್ರಾ?" ಅಂದಳು, ಅಷ್ಟೇ. ಆ ಒಂದು ಮಾತಿನಲ್ಲಿ ಅವಳ ರಾತ್ರಿ ಹೇಗಿತ್ತು ಅಂತ ತಿಳಿಯಿತು. ಒಬ್ಬನೇ ಹೋಗುವುದು ಅಂದರೂ ಮನೆಯಲ್ಲಿ ಒಬ್ಬರು ಕಾಯುತ್ತಲೇ ಇರುತ್ತಾರೆ. ಅವರಿಗೆ ಕೊಟ್ಟ ಗಂಟೆಯನ್ನು ತಪ್ಪಿಸಬಾರದು.

ಹೋಗುವವರಿಗೆ ನಾಲ್ಕು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಡು, ಬೇಡ. ಚಳಿಗಾಲದಲ್ಲಿ ಬೇಟೆಗಾಗಿ ಕೆಲವು ದಿನ ಪಾರ್ಕ್ ಮುಚ್ಚುತ್ತಾರೆ, ತಾರೀಖು ನೋಡಿ ಹೊರಡಿ. ಬರ ಇದ್ದಾಗ ಕೌಂಟಿಯವರು ಬೆಂಕಿ ನಿಷೇಧಿಸುತ್ತಾರೆ, ಅದನ್ನೂ ಕೇಳಿಕೊಳ್ಳಿ. ಒಬ್ಬರೇ ಮಲಗಲು ಧೈರ್ಯ ಇಲ್ಲದಿದ್ದರೆ ಬೆಳಿಗ್ಗೆ ಹೋಗಿ ಸಂಜೆ ಬನ್ನಿ, ಜಲಪಾತ ಅದೇ. ಹಾಳೆ ಮಾತ್ರ ಫ್ರಿಜ್ ಮೇಲೆ ಅಂಟಿಸಿಯೇ ಹೊರಡಿ.